ನಾಲ್ಕೂವರೆ ಸ್ಟಾರ್

೨೦೨೪ ಜೂನ್ ೩, ಸೋಮವಾರ

ದಿನಚರಿ ಬರೆಯುವುದಕ್ಕೆಂದೇ ಇರುವ ಮೂರು ಆ್ಯಪ್‌ಗಳನ್ನು ನನ್ನ ಅಂಕಣದಲ್ಲಿ ಹೊಗಳಿದ್ದೇನೆ. ಒಂದು ಬರೆದದ್ದಕ್ಕೆಲ್ಲ ಬೀಗ ಹಾಕುತ್ತದೆ. ಇನ್ನೊಂದು ಈ ದಿನ ಮನಸ್ಸು ಹೇಗಿದೆ ಎಂದು ಐದು ಗೊಂಬೆ ಮುಖ ತೋರಿಸಿ ಕೇಳುತ್ತದೆ. ಇವತ್ತು ಯಾವ ಮುಖವನ್ನು ಒತ್ತಬೇಕೋ ತಿಳಿಯಲಿಲ್ಲ. ಸಿಮ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಅಂಗಡಿಯ ಡ್ರಾದಲ್ಲಿ ಖಾಲಿ ಬಿದ್ದಿತ್ತು. ಅದರಲ್ಲೇ ಬರೆಯುತ್ತಿದ್ದೇನೆ.

ಅಪ್ಪನನ್ನು ದುರ್ಗದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ ಎಂದರು ಡಾಕ್ಟರಮ್ಮ. ಬಲಗಣ್ಣಿನಲ್ಲಿ ಮುಕ್ಕಾಲು ಹೋಗಿದೆ, ಎಡಗಣ್ಣಿನಲ್ಲಿ ಅರ್ಧ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಹಿಡಿದಿಡಲು ದಿನಕ್ಕೆ ಎರಡು ಸಲ ಹನಿ ಬಿಡಬೇಕು, ಅದೂ ಎಷ್ಟು ಕಾಲ ತಡೆಯುತ್ತದೋ ಹೇಳಲಾಗದು. ಎರಡು ವರ್ಷ ಮುಂಚೆ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದರು. ಅಪ್ಪ ಎದುರಿನ ಗೋಡೆ ನೋಡುತ್ತ ಕುಳಿತಿದ್ದ. ನಾನು ಅವನ ಬಲಕ್ಕೆ ಒಂದು ಮೊಳ ದೂರದಲ್ಲಿದ್ದೆ. ಅಲ್ಲಿರುವುದು ಅವನಿಗೆ ಕಾಣುವುದಿಲ್ಲವಂತೆ.

ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಹೇಳಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ಬಾಗಿಲ ಚೌಕಟ್ಟಿಗೆ, ಬೇಲಿಯ ಗೂಟಕ್ಕೆ ತಾಗುವುದಕ್ಕೆ ಶುರುಮಾಡಿದ್ದ. ದಾರಿಯ ಎರಡೂ ಬದಿ ಮಬ್ಬು ಕಾಣುತ್ತದೆ ಎಂದಿದ್ದ. ನಾನು ಅವನನ್ನು ಹೊಸದುರ್ಗದ ನನ್ನ ಮೊಬೈಲ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಪರೀಕ್ಷಿಸುವ ಆ್ಯಪ್ ತೆರೆದು ಎದುರಿಗೆ ಹಿಡಿದೆ. ಪರದೆಯ ಮೇಲಿನ ಅಕ್ಷರದ ಕಾಲು ಯಾವ ಕಡೆ ತಿರುಗಿದೆಯೋ ಆ ಕಡೆ ಕೈ ತೋರಿಸಬೇಕು. ಅಪ್ಪ ಒಂದನ್ನೂ ತಪ್ಪು ತೋರಿಸಲಿಲ್ಲ. ಕೊನೆಗೆ ಫೋನು ತುತ್ತೂರಿ ಊದಿ ಎರಡೂ ಕಣ್ಣು ಉತ್ತಮ ಎಂದಿತು. ಇಬ್ಬರೂ ನಕ್ಕೆವು. ಆ ವಾರದ ಅಂಕಣಕ್ಕೆ ಅದೇ ಮೊದಲ ಆ್ಯಪ್ ಆಯಿತು.

ಈ ರೋಗ ಅಂಚಿನಿಂದ ತಿನ್ನುತ್ತ ಬರುತ್ತದೆ, ನೇರ ನೋಟವನ್ನು ಕೊನೆಗೆ ಮುಟ್ಟುತ್ತದೆ ಎಂದು ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಫೋನು ಅವತ್ತು ಕೇಳಿದ್ದು ನೇರ ನೋಟವನ್ನು ಮಾತ್ರ.

ಹುಟ್ಟಿದಾಗಿನಿಂದ ಕುರಿ ಕಾಯುವುದು ಬಿಟ್ಟು ಅಪ್ಪ ಬೇರೆ ಕೆಲಸ ಮಾಡಿದವನಲ್ಲ. ಬಸ್ಸಿನಲ್ಲಿ ಬರುವಾಗ ಒಂದೇ ಮಾತು ಕೇಳಿದ: "ಕುರಿ ಮೂತಿ ಕಾಣೋ ಅಷ್ಟಾದ್ರೂ ಉಳಿತೈತಾ?" ಉಳಿಯುತ್ತದೆ ಎಂದೆ. ನನಗೇನು ಗೊತ್ತು.

ಜೂನ್ ೬, ಗುರುವಾರ

ಗುರುವಾರ ನನ್ನ ಅಂಕಣ ಬರುವ ದಿನ. ದುರ್ಗದ ಸಣ್ಣ ದಿನಪತ್ರಿಕೆಯೊಂದರ ಮೂರನೇ ಪುಟದ ಕೆಳಗೆ, ನನ್ನ ಫೋಟೊದ ಪಕ್ಕ, 'ಕೈಯೊಳಗಿನ ಲೋಕ'. ವಾರಕ್ಕೆ ಐದು ಆ್ಯಪ್, ಅದರಲ್ಲಿ ಒಂದಾದರೂ ಆಟ ಇರಲೇಬೇಕು, ಒಂದೊಂದಕ್ಕೂ ಸ್ಟಾರ್ ಕೊಡಬೇಕು. ಹೋದ ವಾರವೇ ಬರೆದು ಕಳಿಸಿದ್ದು ಇಂದು ಬಂದಿದೆ: ಮಳೆ ಯಾವಾಗ ಎಂದು ಹೇಳುವುದು, ಹಳೆಯ ಫೋಟೊ ಸರಿಮಾಡುವುದು, ರೈಲು ಎಲ್ಲಿದೆ ಎಂದು ತೋರಿಸುವುದು, ಕನ್ನಡ ಪದಬಂಧ, ಹಣ್ಣು ಕತ್ತರಿಸುವ ಆಟ. ಚಿಕ್ಕಜಾಜೂರಿನ ರೈಲ್ವೆ ನೌಕರರೊಬ್ಬರು ಫೋನ್ ಮಾಡಿ ರೈಲಿನ ಆ್ಯಪ್ ಬಹಳ ಉಪಯೋಗವಾಯಿತು ಎಂದರು. ಬೇರೆ ದಿನವಾಗಿದ್ದರೆ ರೈಲ್ವೆಯವರಿಗೇ ರೈಲು ತೋರಿಸಿದೆ ಎಂದು ವಾರವೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಕತ್ತರಿಸಿಟ್ಟ ಹಳೆಯ ಅಂಕಣಗಳ ಫೈಲು ತೆಗೆದು ಹುಡುಕಿದೆ. ಸಿಕ್ಕಿತು. "ದುರ್ಗದ ಬಸ್ಸು ಹತ್ತಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು ಒಂದು ದಿನ ಹಾಳುಮಾಡಿಕೊಳ್ಳುವ ಅಗತ್ಯವಿನ್ನಿಲ್ಲ. ಹಿರಿಯರ ಕಣ್ಣನ್ನು ಎರಡೇ ನಿಮಿಷದಲ್ಲಿ ಮನೆಯಲ್ಲೇ ಪರೀಕ್ಷಿಸಿ. ನಮ್ಮ ತಂದೆಯವರಿಗೆ ಮಾಡಿ ನೋಡಿದ್ದೇನೆ. ನಾಲ್ಕೂವರೆ ಸ್ಟಾರ್." ನಡುನಡುವೆ ಜಾಹೀರಾತು ಬರುತ್ತಿತ್ತೆಂದು ಅರ್ಧ ಸ್ಟಾರ್ ಕಡಿಮೆ ಮಾಡಿದ್ದೆ.

ಪತ್ರಿಕೆಯಲ್ಲಿ ಈ ಪುಟ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಅಪ್ಪನ ಕಣ್ಣಿನ ವಿಷಯ ಹೇಳಿ, ತಪ್ಪಾಗಿದೆ, ತಿದ್ದುಪಡಿ ಹಾಕಬೇಕು ಎಂದೆ. ಎರಡು ವರ್ಷದ ಹಿಂದಿನದು ಯಾರಿಗೆ ನೆನಪಿದೆ, ಕೆದಕಬೇಡಿ ಎಂದರು. ಅದರ ಬದಲು ಕಣ್ಣು ಕಾಣದವರಿಗೆ ನೆರವಾಗುವ ಆ್ಯಪ್‌ಗಳ ಬಗ್ಗೆ ಬರೆಯಿರಿ, ನಿಮಗೂ ಈಗ ಅನುಭವ ಆಗುತ್ತಿದೆಯಲ್ಲ ಎಂದರು. ನಾಚಿಕೆಯಾಯಿತು. ಆದರೂ ಒಪ್ಪಿಕೊಂಡೆ.

ಜೂನ್ ೧೨, ಬುಧವಾರ

ಅಪ್ಪನಿಗೊಂದು ಹೊಸ ಫೋನು ತಂದು ಐದು ಆ್ಯಪ್ ತುಂಬಿಸಿದ್ದೇನೆ. ಮುಟ್ಟಿದ ಜಾಗದಲ್ಲಿ ಏನಿದೆ ಎಂದು ಓದುವುದು ಒಂದು. ಬಣ್ಣ ಹೇಳುವುದು ಒಂದು. ಹನಿ ಬಿಡುವ ಹೊತ್ತಿಗೆ ಕೂಗುವುದು ಒಂದು. ಕ್ಯಾಮೆರಾ ಎದುರು ಇರುವುದನ್ನೆಲ್ಲ ನೋಡಿ ಕನ್ನಡದಲ್ಲಿ ವಿವರಿಸುವುದು ಒಂದು, ಇದೇ ನಾನು ಹೆಚ್ಚು ನಂಬಿಕೊಂಡಿರುವುದು. ಮನೆಯೊಳಗೆ ಹಿಡಿದಾಗ ಮಂಚ, ಕೊಡ, ಕುರ್ಚಿಯ ಮೇಲೆ ಕುಳಿತ ಮಹಿಳೆ ಎಂದಿತು. ಕುಳಿತ ಮಹಿಳೆ ಎಂದರೆ ಅವ್ವ. ತನ್ನನ್ನು ಹಾಗೆ ಕರೆದದ್ದಕ್ಕೆ ಅವ್ವ ಸೆರಗು ಸರಿಮಾಡಿಕೊಂಡಳು.

ಐದನೆಯದು ಆಟ. ಪರದೆಯಲ್ಲಿ ಏನೂ ಇರುವುದಿಲ್ಲ. ಕಿವಿಯೊಳಗೆ ಸೊಳ್ಳೆ ಗುಂಯ್ ಎನ್ನುತ್ತದೆ, ಅದು ಎಡದಲ್ಲಿದೆಯೋ ಬಲದಲ್ಲಿದೆಯೋ ಆ ಕಡೆ ಹೊಡೆಯಬೇಕು. ನಾನು ಎರಡನೇ ಹಂತದಲ್ಲೇ ಸೋತೆ. ಅಪ್ಪ ಕೂತ ಕಡೆಯೇ ಏಳನೇ ಹಂತಕ್ಕೆ ಹೋದ. ಸತ್ತೋತು ನೋಡು, ಸತ್ತೋತು ನೋಡು ಎಂದು ಒಂದೊಂದು ಸೊಳ್ಳೆಗೂ ಹೇಳಿ ನಗುತ್ತಿದ್ದ. ದುರ್ಗದಿಂದ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಕುಳಿತು ಅಂಕಣ ಬರೆದು ಕಳಿಸಿಬಿಟ್ಟೆ. ಐದಕ್ಕೂ ನಾಲ್ಕರ ಮೇಲೆ ಸ್ಟಾರ್.

ಸಂಜೆ ಅಪ್ಪ ಇಯರ್‌ಫೋನು ಸುತ್ತಿ ನನ್ನ ಕೈಗೆ ಕೊಟ್ಟ. "ಇದನ್ನ ಇಕ್ಕಂಡ್ರೆ ಕುರಿ ಕೇಳ್ಸಲ್ಲ ಕಣಪ್ಪ" ಎಂದ.

ಜೂನ್ ೧೬, ಭಾನುವಾರ

ಏನು ಮಾಡಿಬಿಟ್ಟೆ.

ಬೆಳಿಗ್ಗೆ ಕುರಿ ಹೊರಡುವ ಹೊತ್ತಿಗೆ ಅಪ್ಪ ರೊಪ್ಪದ ಬಾಗಿಲಲ್ಲಿ ನಿಲ್ಲುತ್ತಾನೆ. ಮುಳ್ಳುಬೇಲಿಯ ಆ ಸಣ್ಣ ಬಾಗಿಲಿನಿಂದ ಒಂದೊಂದೇ ಕುರಿ ಹೊರಬರುವಾಗ ಅದರ ಮೂತಿ ನೋಡುತ್ತಾನೆ. ಯಾವುದು ಬಂತು, ಯಾವುದು ಬರಲಿಲ್ಲ, ಯಾವುದಕ್ಕೆ ಮೈ ಸರಿಯಿಲ್ಲ ಎಂದು ಅಷ್ಟರಲ್ಲೇ ತಿಳಿಯುತ್ತದೆ. ಈಗ ಮೂತಿಗಳು ಅವನ ಕಣ್ಣಿನ ಕಿಂಡಿಗೆ ಸಿಗುವ ಮೊದಲೇ ದಾಟಿಹೋಗುತ್ತವೆ. ಅದಕ್ಕೇ ವಿವರಿಸುವ ಆ್ಯಪ್ ತೆರೆದು, ಶಬ್ದ ಪೂರ್ತಿ ಏರಿಸಿ, ಬೇಲಿಯ ಮೇಲಿಂದ ಹಿಡಿದೆ. ಒಳ್ಳೆಯ ಸ್ಪಷ್ಟವಾದ ಹೆಣ್ಣು ಧ್ವನಿ ಹೇಳಿತು: "ಮುಳ್ಳಿನ ಬೇಲಿ. ಒಬ್ಬ ವಯಸ್ಸಾದ ಪುರುಷ. ಮೂವತ್ತೆಂಟು ಕುರಿಗಳು."

ಅವ್ವ ಅಂಗಳದಲ್ಲಿ ನೀರಿನ ಕೊಡ ಇಳಿಸಿ ನಿಂತಳು. ಅಪ್ಪ ಧ್ವನಿ ಬಂದ ಕಡೆ ಮುಖ ತಿರುಗಿಸಿ, "ಯಾರದು ಎಣ್ಸಿದ್ದು?" ಎಂದ. ಯಾರೂ ಅಲ್ಲ, ಫೋನು ಎಂದೆ. "ಮುಚ್ಚು" ಎಂದ. ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತು.

ನಮ್ಮ ಹಟ್ಟಿಯಲ್ಲಿ ಮನೆಯ ಕುರಿಯನ್ನು ಯಾರೂ ಎಣಿಸುವುದಿಲ್ಲ. ಮೂತಿ ಗುರುತಿಟ್ಟುಕೊಂಡರೆ ಸಾಕು. ಎಣಿಸುವುದು ವ್ಯಾಪಾರಕ್ಕೆ ಬಂದವನ ಕೆಲಸ, ಕುರಿ ಕೈಬಿಟ್ಟುಹೋಗುವ ದಿನದ ಕೆಲಸ. ಒಂದನೇ ತರಗತಿಯಲ್ಲಿ ಮಗ್ಗಿ ಕಲಿತ ಹುಮ್ಮಸ್ಸಿನಲ್ಲಿ ನಾನು ಇದೇ ಬೇಲಿ ಹತ್ತಿ ಎಣಿಸಿದ್ದೆ. ಹನ್ನೊಂದಕ್ಕೆ ಬರುವಷ್ಟರಲ್ಲಿ ಅಪ್ಪ ಓಡಿಬಂದು ಬಾಯಿ ಮುಚ್ಚಿದ್ದ. ಅದು ಮರೆತಿರಲಿಲ್ಲ. ಆದರೆ ಈ ಯಂತ್ರ ಎಣಿಸಿಬಿಡುತ್ತದೆಂದು ನನಗೆ ಹೊಳೆಯಲೇ ಇಲ್ಲ, ಅಂಕಣ ಬೇರೆ ಬರೆದಿದ್ದೇನೆ. ನಿಮಗೆ ಕುರಿ ಗೊತ್ತಿಲ್ಲ, ಬರೀ ಆ್ಯಪ್ ಗೊತ್ತು ಎಂದಳು ನನ್ನ ಹೆಂಡತಿ ಸುಮಾ.

ಜೂನ್ ೧೭, ಸೋಮವಾರ

ಹನಿ ಬಿಡಲು ಹೋದರೆ ಅಪ್ಪ ಮುಖ ಮೇಲೆತ್ತಿದ, ಅಷ್ಟೆ.

ಜುಲೈ ೨, ಮಂಗಳವಾರ

ಮತ್ತೋಡಿನ ರಸ್ತೆ ದಾಟಿಸುವಾಗ ಬಲಗಡೆಯಿಂದ ಬಂದ ಟ್ರ್ಯಾಕ್ಟರು ಅಪ್ಪನಿಗೆ ಕಾಣಲಿಲ್ಲ. ಶಬ್ದ ಕೇಳಿತಂತೆ, ಆದರೆ ಹೊಲದೊಳಗಿನ ಟ್ರ್ಯಾಕ್ಟರೆಂದು ತಿಳಿದನಂತೆ. ಮುಂದಿದ್ದ ಗಂಟೆ ಟಗರು ಗಾಲಿಗೆ ಸಿಕ್ಕಿತು. ಅಪ್ಪ ಪಕ್ಕಕ್ಕೆ ಬಿದ್ದು ಮೊಣಕೈ ತರಚಿಕೊಂಡಿದ್ದಾನೆ. ಟ್ರ್ಯಾಕ್ಟರಿನವನು ಒಳ್ಳೆಯವನು, ತಾನೇ ಅಪ್ಪನನ್ನು ಕೂರಿಸಿಕೊಂಡು ಬಂದು ಬಿಟ್ಟ. ಟಗರಿನ ಕೊರಳಿನ ಗಂಟೆ ಅಪ್ಪನ ಕೈಯಲ್ಲೇ ಇತ್ತು.

ಅವತ್ತು ಎಣಿಸಿದ್ದಕ್ಕೇ ಹೀಗಾಯಿತು ಎಂದು ಅವ್ವ ಅತ್ತಳು. ನನಗೂ ಒಳಗೊಳಗೆ ಅದೇ ಕಾರಣವಾಗಿರಲಿ ಎನಿಸಿತು. ಎಣಿಸಿದ ಪಾಪವಾದರೆ ಒಂದು ತೆಂಗಿನಕಾಯಿ ಒಡೆದು ಕೈತೊಳೆದುಕೊಳ್ಳಬಹುದಿತ್ತು. ಅಪ್ಪ ಅದಕ್ಕೂ ಬಿಡಲಿಲ್ಲ. "ಎಣಿಕೆಗೂ ಇದಕ್ಕೂ ಸಂಬಂಧ ಇಲ್ಲ ಕಣೇ. ನನಗೆ ಕಾಣ್ಲಿಲ್ಲ, ಅಷ್ಟೇಯ" ಎಂದ.

ಮೂವತ್ತೇಳು ಉಳಿದಿವೆ. ನನ್ನ ಅಂಕಣ ಓದಿ ಇನ್ನೆಷ್ಟು ಜನ ತಮ್ಮ ಅಪ್ಪಂದಿರನ್ನು ಸ್ಟೂಲಿನ ಮೇಲೆ ಕೂರಿಸಿದರೋ ಎಂದು ದಿನವೆಲ್ಲ ಅದೇ ಯೋಚನೆ.

ಜುಲೈ ೮, ಸೋಮವಾರ

ಇವತ್ತಿನಿಂದ ಬೆಳಿಗ್ಗೆ ಕುರಿಯ ಜೊತೆ ನಾನು ಹೋಗುವುದೆಂದಾಯಿತು. ಹನ್ನೊಂದರವರೆಗೆ ಸುಮಾ ಅಂಗಡಿ ನೋಡಿಕೊಳ್ಳುತ್ತಾಳೆ. ಅವಳಿಗೆ ಆರು ತಿಂಗಳು, ಹೆಚ್ಚು ಹೊತ್ತು ನಿಲ್ಲಬಾರದು.

ನನ್ನ ಭುಜದ ಮೇಲೆ ಕೈಯಿಟ್ಟು ಅಪ್ಪ ಹಿಂದೆ ಬರುತ್ತಾನೆ. ಮುಂದೆ ಯಾವುದಿದೆ ಎಂದು ಕೇಳಿದ. ಒಂದು ಕರಿ ಕುರಿ ಎಂದೆ. "ಕರೇವು ಬೇಕಾದಷ್ಟು ಅವೆ. ಮೂತಿ ನೋಡಿ ಹೇಳು" ಎಂದ. ಮೂತಿ ನೋಡಿದೆ. ಎಲ್ಲ ಕುರಿಯ ಮೂತಿಯೂ ಕುರಿಯ ಮೂತಿಯೇ. ಹಣೆಯ ಮೇಲೆ ಸುಳಿ ಐತಾ, ಕಿವಿ ಸೀಳೈತಾ, ನಡೆಯುವಾಗ ತಲೆ ಯಾವ ಕಡೆ ವಾಲಿಸುತ್ತೆ ಎಂದು ಒಂದೊಂದೇ ಕೇಳಿ, ನಾನು ಹೇಳಿದ ಮೇಲೆ, ಅದು ಮುರುಕಿವಿಯ ಮಗಳು ಎಂದ. ಇಷ್ಟು ಸಣ್ಣ ವಿಷಯಕ್ಕೆ ಕಾಲು ಗಂಟೆ. ನನಗೆ ಸಿಟ್ಟು ಬಂತು, ಅಂಗಡಿಯಲ್ಲಿ ಎರಡು ಫೋನು ರಿಪೇರಿಗೆ ಕಾಯುತ್ತಿದ್ದವು.

ಒಂದೊಂದು ಕುರಿಯ ಫೋಟೊ ತೆಗೆದು ಹೆಸರು ಬರೆದಿಡುವ ಆ್ಯಪ್ ಒಂದಿದೆ. ನಾಳೆಯಿಂದ ಅದನ್ನು ನೋಡಬೇಕು. ನೆನಪಿಟ್ಟುಕೊಳ್ಳುವ ತಾಪತ್ರಯ ತಪ್ಪುತ್ತದೆ.

ಜುಲೈ ೨೫, ಗುರುವಾರ

ಕೇಳದೆಯೇ ತಿದ್ದುಪಡಿ ಬರೆದು ಕಳಿಸಿದ್ದೆ. ಐದು ಆ್ಯಪ್ ಇಲ್ಲ, ಆಟ ಇಲ್ಲ, ಸ್ಟಾರ್ ಇಲ್ಲ. ನಾನು ತಪ್ಪು ಹೇಳಿದೆ, ಆ ಪರೀಕ್ಷೆಯಲ್ಲಿ ಪಾಸಾದ ನನ್ನ ತಂದೆಯ ಕಣ್ಣು ಹೋಗುತ್ತಿದೆ, ದಯವಿಟ್ಟು ನಿಮ್ಮವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದಷ್ಟೇ. ಇಂದು ಪತ್ರಿಕೆ ಬಿಚ್ಚಿದರೆ ನನ್ನ ಫೋಟೊದ ಪಕ್ಕದಲ್ಲಿ ಐದು ಕ್ರಿಕೆಟ್ ಆಟಗಳಿವೆ. ಯಾರು ಬರೆದರೋ.

ಅಂಕಣ ನಿಲ್ಲಿಸಿದ್ದೇನೆ ಎಂದು ಫೋನ್ ಮಾಡಿ ಹೇಳಿದೆ. ತಿದ್ದುಪಡಿಯನ್ನು ಪ್ರಿಂಟ್ ತೆಗೆದು ಅಂಗಡಿಯ ಗಾಜಿಗೆ ಅಂಟಿಸಿದೆ. ಪಕ್ಕದಲ್ಲಿ ಹೂವು ಮಾರುವ ನಿಂಗಕ್ಕ ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಓದಿದಳು. ಓದಿ ಮುಗಿಸಿ ಒಳಗೆ ಬಂದು, "ಹಂಗಾದ್ರೆ ಕಣ್ಣಿಗೆ ಯಾವ ಆ್ಯಪು ಚೆನ್ನಾಗೈತೆ ತಿಮ್ಮೇಶಣ್ಣ?" ಎಂದು ಕೇಳಿದಳು. ತಮಾಷೆಗಲ್ಲ. ಅವಳ ಗಂಡನಿಗೂ ಮಂಜಾಗಿದೆಯಂತೆ.

ದುರ್ಗದ ಬಸ್ಸು ಹತ್ತು ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಅವಳು ನಕ್ಕಳು. ಅವಳು ಹೋದ ಮೇಲೆ ಶಟರು ಅರ್ಧ ಎಳೆದು ಒಳಗೆ ಕುಳಿತೆ. ಎಂಟು ವರ್ಷದಿಂದ ನಾನು ಈ ಊರಿಗೆ ಕಲಿಸಿರುವುದು ಇದನ್ನೇ.

ಆಗಸ್ಟ್ ೧೪, ಬುಧವಾರ

ನಿನ್ನೆ ಮತ್ತೆ ದುರ್ಗದ ಆಸ್ಪತ್ರೆಗೆ ಹೋಗಿದ್ದೆವು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿನಲ್ಲಿ ಬಳೆಯಷ್ಟು ಅಗಲ ಉಳಿದಿದೆಯಂತೆ, ಅದೂ ಮಸುಕು. ಹನಿ ಬದಲಿಸಿ ಕೊಟ್ಟಿದ್ದಾರೆ. ಕೊಡುವಾಗ ಡಾಕ್ಟರಮ್ಮ ನನ್ನ ಮುಖ ನೋಡಲಿಲ್ಲ.

ಇವತ್ತು ಬೆಳಿಗ್ಗೆ ಕುರಿ ಮೇಯಲು ಬಿಟ್ಟು ಬೇವಿನ ಮರದ ಕೆಳಗೆ ಕುಳಿತಿದ್ದೆವು. ಕೆಂದಿಗೆ ಕಾಲು ಸ್ವಲ್ಪ ಕುಂಟು, ಗೊರಸಿನಲ್ಲಿ ಮುಳ್ಳಿತ್ತು, ತೆಗೆದೆ. ಚುಕ್ಕಿಯ ಮರಿ ಇವತ್ತೂ ಬೇರೆ ತಾಯಿಯ ಕೆಚ್ಚಲಿಗೆ ಬಾಯಿ ಹಾಕಲು ಹೋಗಿ ಒದೆಸಿಕೊಂಡಿತು. ಅಪ್ಪ ಹತ್ತಿರ ಬಂದು ನನ್ನ ಮುಖವನ್ನು ನೋಡಿದ, ಒಂದು ಕಣ್ಣು ನೋಡಿ, ಆಮೇಲೆ ಮೂಗು, ಆಮೇಲೆ ಇನ್ನೊಂದು ಕಣ್ಣು. ಒಮ್ಮೆಗೆ ಪೂರ್ತಿ ಮುಖ ಸಿಗುವುದಿಲ್ಲ ಎಂದ.

ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಆ ಆ್ಯಪ್ ಪಕ್ಕದ ನೋಟ ನೋಡುವುದಿಲ್ಲ, ಅದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಊರಿಗೆಲ್ಲ ಹೇಳಿದೆ, ಅವತ್ತೇ ನಿನ್ನನ್ನು ಕರೆದುಕೊಂಡು ಹೋಗಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದೆ. ಅಪ್ಪ ಹುಲ್ಲುಕಡ್ಡಿ ಮುರಿಯುತ್ತಿದ್ದ.

"ಆಗ್ಲೇ ಪಕ್ಕ ಕಾಣ್ತಿರಲಿಲ್ಲ ಕಣಪ್ಪ. ಅಂಗಡೀಲಿ ಕುಂತಾಗ್ಲೂ ಕಾಣ್ತಿರಲಿಲ್ಲ. ನೀನು ಚೆನ್ನಾಗೈತೆ ಅಂದ್ಯಲ್ಲ, ನಾನೂ ಚೆನ್ನಾಗೈತೆ ಅಂದ್ಕಂಡೆ."

ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ. ಅವನು ಬೈಯುತ್ತಿರಲಿಲ್ಲ, ಸಮಾಧಾನ ಹೇಳುತ್ತಿದ್ದ. ತನ್ನ ಕಣ್ಣಿಗಿಂತ ನನ್ನ ಮಾತನ್ನು ನಂಬಿದ್ದ.

ಆಗಸ್ಟ್ ೨೬, ಸೋಮವಾರ

ಕುರಿ ಕೊಟ್ಟುಬಿಡುವುದು ಎಂದು ಅಪ್ಪನೇ ತೀರ್ಮಾನ ಮಾಡಿದ್ದಾನೆ. ಹಿರಿಯೂರಿನ ಎರ್ರಿಸ್ವಾಮಿಗೆ ಹೇಳಿಯೂ ಕಳಿಸಿದ್ದಾನೆ. ನಾನು ಕಾಯುತ್ತೇನೆ ಎಂದೆ. ಹೆರಿಗೆ ಹತ್ತಿರ ಬಂದಿರುವ ಹೆಂಡತಿಯನ್ನು ಅಂಗಡಿಯಲ್ಲಿ ನಿಲ್ಲಿಸಿ ಎಷ್ಟು ದಿನ ಕಾಯುತ್ತೀಯ ಎಂದ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

ಎರಡು ತಿಂಗಳ ಹಿಂದೆ ನಾನೇ ಮಾರೋಣ ಎನ್ನುತ್ತಿದ್ದೆನೇನೋ. ಈಗ ಒಂದೊಂದರದೂ ಯೋಚನೆ. ಕರಿಮೂತಿಗೆ ಇನ್ನೊಂದು ವಾರದಲ್ಲಿ ಮರಿ ಆಗುತ್ತದೆ, ಅದು ಲಾರಿಯಲ್ಲಿ ಹೇಗೆ ನಿಲ್ಲುತ್ತದೆ. ಕುರಿಯ ಫೋಟೊ ಇಡುವ ಆ್ಯಪ್ ಹಾಕಿಕೊಳ್ಳುವುದು ಮರೆತೇಹೋಗಿತ್ತು. ಈಗ ಹಾಕಿ ಏನು ಪ್ರಯೋಜನ.

ಸೆಪ್ಟೆಂಬರ್ ೧, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಎರ್ರಿಸ್ವಾಮಿ ಲಾರಿ ತಂದ. ಮಾತುಕತೆ ಮೊದಲೇ ಆಗಿತ್ತು. ನಮ್ಮ ಕಡೆಯವರು ಒಬ್ಬರು ಎಣಿಸಬೇಕು, ಅವನು ಎಣಿಸಬೇಕು, ಎರಡೂ ತಾಳೆಯಾದರೆ ಲಾರಿಗೆ ಹತ್ತಿಸುವುದು. ನಾನು ಅಪ್ಪನ ಪಕ್ಕದಲ್ಲಿ ನಿಂತಿದ್ದೆ. ಅಪ್ಪ ರೊಪ್ಪದ ಬಾಗಿಲು ಕೈಯಿಂದ ಸವರಿ ತೆಗೆದ.

"ಎಣ್ಸಪ್ಪ" ಎಂದ.

ಎಣಿಸಲು ಹೋದೆ. ಒಂದು, ಎರಡು ಎಂದೆ. ಮೂರನೆಯದು ಕೆಂದಿ. ಕಾಲು ವಾಸಿಯಾಗಿದೆಯೇ ಎಂದು ನೋಡುವಷ್ಟರಲ್ಲಿ ಎರಡು ದಾಟಿದವು. ಮತ್ತೆ ಒಳಗೆ ಹೊಡೆದು ಮೊದಲಿನಿಂದ ಶುರುಮಾಡಿದೆ. ಹತ್ತರವರೆಗೆ ಬಂದೆ. ಚುಕ್ಕಿಯ ಮರಿ ಮತ್ತೆ ಬೇರೆಯವಳ ಹಿಂದೆ ಹೊರಟಿತ್ತು, ಅದನ್ನು ಹಿಡಿದು ತಾಯಿಯ ಹತ್ತಿರ ಬಿಟ್ಟು ಬಂದರೆ ಲೆಕ್ಕ ಎಲ್ಲಿತ್ತೋ ಮರೆತುಹೋಯಿತು. ಮೂರನೇ ಸಲವೂ ತಪ್ಪಿತು. ದಿನವಿಡೀ ಅಂಗಡಿಯಲ್ಲಿ ಲೆಕ್ಕ ಮಾಡುವವನಿಗೆ ಈ ಸಣ್ಣ ಎಣಿಕೆ ಬರಲಿಲ್ಲ. ನಿದ್ದೆ ಸಾಲದೆ ತಲೆ ಕೆಟ್ಟಿದೆ ಎಂದು ಕಾಣುತ್ತದೆ.

ಎರ್ರಿಸ್ವಾಮಿಗೆ ಹೊತ್ತಾಗುತ್ತಿತ್ತು. ಜೇಬಿನಿಂದ ಫೋನು ತೆಗೆದ. "ಬಿಡು ತಿಮ್ಮೇಶ. ನೀನೇ ಪೇಪರ್ನಾಗೆ ಹಾಕಿದ್ಯಲ್ಲ, ಅದೇ ಆ್ಯಪು. ಈಗ ಸಂತೇಲಿ ನಾವೆಲ್ಲ ಇದ್ರಾಗೇ ಎಣ್ಸಾದು" ಎಂದು ನಗುತ್ತ ರೊಪ್ಪದ ಮೇಲೆ ಹಿಡಿದ. ಅದೇ ಹೆಣ್ಣು ಧ್ವನಿ. ಮುಳ್ಳಿನ ಬೇಲಿ ಎಂದಿತು. ಇಬ್ಬರು ಪುರುಷರು ಎಂದಿತು. ಆಮೇಲೆ ಕುರಿ ಎಷ್ಟೆಂದು ಹೇಳಿತೋ ಈಗ ನೆನಪಾಗುತ್ತಿಲ್ಲ. ಎರ್ರಿಸ್ವಾಮಿ ಸರಿಯಿದೆ ಎಂದ. ಅಪ್ಪನೂ ಸರಿ ಎಂದ.

ಕರಿಮೂತಿಯನ್ನು ನಾನೇ ಎತ್ತಿ ಲಾರಿಯ ಮೂಲೆಗೆ ನಿಲ್ಲಿಸಿದೆ, ಬೇರೆಯವು ಮೈಮೇಲೆ ಬೀಳದ ಹಾಗೆ. ಲಾರಿ ರಸ್ತೆಗೆ ತಿರುಗುವವರೆಗೂ ಅಪ್ಪ ಬೇಲಿ ಹಿಡಿದು ನಿಂತಿದ್ದ. ಆಮೇಲೂ ನಿಂತಿದ್ದ. ಅವನಿಗೆ ಲಾರಿ ಎಷ್ಟು ದೂರದವರೆಗೆ ಕೇಳಿಸಿತೋ ನನಗೆ ಗೊತ್ತಿಲ್ಲ.

ಸೆಪ್ಟೆಂಬರ್ ೩, ಮಂಗಳವಾರ

ಸಂಜೆ ಬಂದಾಗ ಅಪ್ಪ ಖಾಲಿ ರೊಪ್ಪದ ಬಾಗಿಲಲ್ಲಿ ಕುಳಿತಿದ್ದ. ಕುರಿ ಒಳಗೆ ಬರುವ ಹೊತ್ತು. ಬಾಗಿಲು ತೆಗೆದಿಟ್ಟಿದ್ದ. ಮನೆಯೊಳಗೆ ಬಾ ಎಂದು ಕರೆಯಲು ಹೋದವನು ಪಕ್ಕದಲ್ಲೇ ಕುಳಿತೆ. ನನ್ನ ಮೊಣಕೈ ಹಿಡಿದುಕೊಂಡ. ಈಗ ಅವನಿಗೆ ಬೆಳಕು, ಕತ್ತಲೆ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಮೊನ್ನೆ ಲಾರಿ ಬಂದಾಗಲೇ ಹಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ.

"ಹೇಳು" ಎಂದ.

ಏನನ್ನು ಎಂದು ಕೇಳಬೇಕಾಗಲಿಲ್ಲ. ಮುಂದೆ ಮುರುಕಿವಿ ಬರುತ್ತದೆ, ಎಡಗಿವಿಯ ತುದಿ ಸೀಳಿದೆ, ಬಾಗಿಲ ಹತ್ತಿರ ಒಂದು ಗಳಿಗೆ ನಿಂತು ಹಿಂದೆ ನೋಡುತ್ತದೆ ಎಂದೆ. ಅದರ ಹಿಂದೆ ಅದರ ಮಗಳು, ಹಣೆಯ ಮೇಲೆ ಎರಡು ಸುಳಿ. ಆಮೇಲೆ ಕೆಂದಿ, ಕಾಲು ಈಗ ನೆಟ್ಟಗಿದೆ. ಚುಕ್ಕಿ ಬರುತ್ತದೆ, ಮರಿ ಇನ್ನೂ ಎಲ್ಲೋ ಹಿಂದಿದೆ. ಕರಿಮೂತಿ ಮೆಲ್ಲಗೆ ಬರುತ್ತದೆ, ಹೊಟ್ಟೆ ಇಳಿದಿದೆ. ಹೀಗೆ ಹೇಳುತ್ತ ಹೋದೆ. ಬಾಯಿಗೆ ತಾನಾಗಿ ಬರುತ್ತಿತ್ತು. ಅವ್ವ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು.

ಎಲ್ಲ ಆಯಿತು ಎಂದಾಗ ಅಪ್ಪ ತಲೆಯಾಡಿಸಿದ. "ಬಿಳಿಕಾಲಿ ಬಿಟ್ಟೆ" ಎಂದ.

ನಿಜ, ಬಿಟ್ಟಿದ್ದೆ. ಅದು ಯಾವಾಗಲೂ ಕೊನೆಗೆ, ಬೇಲಿಯ ಎಲೆ ಕಿತ್ತುಕೊಂಡು ಬರುತ್ತದೆ. ಅದನ್ನೂ ಹೇಳಿದೆ. ಇನ್ನೊಂದು ಸಲ ಹೇಳು ಎಂದ. ಮುರುಕಿವಿಯಿಂದ ಮತ್ತೆ ಶುರುಮಾಡಿದೆ. ಎಷ್ಟಾದವೆಂದು ಅವನೂ ಕೇಳಲಿಲ್ಲ, ನಾನೂ ಎಣಿಸಲಿಲ್ಲ.